ಹೊಸ ಆವೃತ್ತಿ ಹಾಕಿದ ಮೇಲೆ ಗೆರೆ ಕುಣಿದರೆ: ಕ್ಯಾಡ್ ಡಿಸ್‌ಪ್ಲೇ ದೋಷ ಹುಡುಕುವ ಕೈಪಿಡಿ

ಆಟೋಕ್ಯಾಡ್, ರೆವಿಟ್ ಅಥವಾ ಸ್ಕೆಚಪ್‌ನಂಥ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ) ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ ಮರುದಿನ ಪುಣೆಯ ಆರ್ಕಿಟೆಕ್ಟ್ ಕಚೇರಿಗಳಿಂದ ಬರುವ ಫೋನುಗಳಲ್ಲಿ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಅಣ್ಣಾರ, ಸ್ಕ್ರೀನ್ ಕೆಟ್ಟೈತ್ರಿ." ಇಷ್ಟು ಹೇಳಿದರೆ ಏನೂ ತಿಳಿಯುವುದಿಲ್ಲ. ಗೆರೆ ನಡುಗುವುದು ಬೇರೆ, ವೃತ್ತ ಮೂಲೆಮೂಲೆಯಾಗಿ ಕಾಣುವುದು ಬೇರೆ. ಮರಾಠಿ ಟಿಪ್ಪಣಿ ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುವುದು, ಐಕಾನ್‌ಗಳು ಓದಲಾಗದಷ್ಟು ಚಿಕ್ಕದಾಗುವುದು, ತ್ರೀಡಿ ತಿರುಗಿಸಿದ ಕೂಡಲೇ ಪರದೆ ಕಪ್ಪಾಗುವುದು, ಒಂದೊಂದಕ್ಕೂ ಕಾರಣ ಬೇರೆಬೇರೆ ಕಡೆ ಇರುತ್ತದೆ. ಎಲ್ಲದಕ್ಕೂ ಒಂದೇ ಮದ್ದು ಅಂತ ಸಾಫ್ಟ್‌ವೇರ್ ಕಿತ್ತುಹಾಕಿ ಮತ್ತೆ ಹಾಕುವವರೇ ಹೆಚ್ಚು. ಅದರಲ್ಲಿ ಅರ್ಧ ದಿನ ಹೋಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಏಕೆಂದರೆ ಅಪ್‌ಗ್ರೇಡ್ ಆದ ಮೇಲೆ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಹೊಸ ಸಾಫ್ಟ್‌ವೇರಿನ ಒಳಗೆ ಹುಟ್ಟಿದವಲ್ಲ. ಹಳೆಯ ಆವೃತ್ತಿಯ ಜೊತೆ ಬರಬೇಕಾದದ್ದು ಬರದೇ ಉಳಿದಿರುತ್ತದೆ, ಇಲ್ಲವೇ ಬರಬಾರದ್ದು ಜೊತೆಗೇ ಬಂದಿರುತ್ತದೆ.

ಏನನ್ನೂ ಬದಲಿಸುವ ಮೊದಲು

ಡ್ರೈವರ್‌ಗೆ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ) ಕೈಹಾಕುವ ಮುಂಚೆ ದೋಷ ಎಲ್ಲಿದೆ ಅಂತ ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಖರ್ಚಿಲ್ಲದ ಪರೀಕ್ಷೆಗಳಿವೆ.

ಮೊದಲನೆಯದು ಸ್ಕ್ರೀನ್‌ಶಾಟ್. ದೋಷ ಕಾಣುತ್ತಿರುವಾಗಲೇ ವಿಂಡೋಸ್ ಕೀ, ಶಿಫ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿ ಚಿತ್ರ ತೆಗೆದು, ಅದನ್ನು ನಿಮ್ಮ ಮೊಬೈಲಿಗೆ ಕಳಿಸಿ ಅಲ್ಲಿ ನೋಡಿ. ಮೊಬೈಲಿನಲ್ಲೂ ಗೆರೆ ಹಾಳಾಗಿಯೇ ಕಂಡರೆ ಕಂಪ್ಯೂಟರೇ ಹಾಗೆ ಬರೆಯುತ್ತಿದೆ. ಮೊಬೈಲಿನಲ್ಲಿ ಎಲ್ಲ ಸರಿಯಾಗಿದ್ದು ಮಾನಿಟರಿನಲ್ಲಿ ಮಾತ್ರ ಹಾಳಾಗಿದ್ದರೆ ಕೇಬಲ್ಲೋ ಮಾನಿಟರೋ ರಿಫ್ರೆಶ್ ದರವೋ ಕಾರಣ. ಈ ಒಂದು ಪರೀಕ್ಷೆ ಅರ್ಧ ಹಾದಿ ಉಳಿಸುತ್ತದೆ. ಆದರೂ ಜನ ಮೊಬೈಲ್ ಕ್ಯಾಮೆರಾದಲ್ಲಿ ಮಾನಿಟರಿನ ಫೋಟೋ ತೆಗೆದು ಕಳಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಎರಡನೆಯದು ಪಿಡಿಎಫ್. ಅದೇ ಡ್ರಾಯಿಂಗನ್ನು ಪಿಡಿಎಫ್‌ಗೆ ಪ್ಲಾಟ್ ಮಾಡಿ. ಪಿಡಿಎಫ್ ನೇರವಾಗಿದ್ದರೆ ಡ್ರಾಯಿಂಗ್ ಒಳಗಿನ ಲೆಕ್ಕ ಸರಿಯಿದೆ, ತೋರಿಸುವ ಕಡೆ ಮಾತ್ರ ತಪ್ಪಿದೆ. ಪಿಡಿಎಫ್‌ನಲ್ಲೂ ಅಕ್ಷರ ಮಾಯವಾಗಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಬೈದು ಉಪಯೋಗವಿಲ್ಲ.

ಮೂರನೆಯದು ಖಾಲಿ ಹಾಳೆ. ಸಾಫ್ಟ್‌ವೇರಿನ ಜೊತೆಗೇ ಬರುವ ಮೂಲ ಟೆಂಪ್ಲೇಟಿನಲ್ಲಿ ಹೊಸ ಡ್ರಾಯಿಂಗ್ ತೆರೆದು ನಾಲ್ಕು ಗೆರೆ, ಒಂದು ವೃತ್ತ, ಒಂದು ಸಾಲು ಅಕ್ಷರ ಹಾಕಿ ನೋಡಿ. ಕಚೇರಿಯ ಟೆಂಪ್ಲೇಟ್ ಬೇಡ, ಅದರೊಳಗೆ ಹತ್ತು ವರ್ಷದ ಕಸ ಇರಬಹುದು. ಖಾಲಿ ಹಾಳೆಯಲ್ಲಿ ಎಲ್ಲ ಚೆನ್ನಾಗಿದ್ದರೆ ತೊಂದರೆ ಆ ಫೈಲಿನದ್ದು. ಹಾಗಾದರೆ ಅದೇ ಫೈಲನ್ನು ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಲ್ಲೂ ಹಾಗೇ ಕಂಡರೆ ನಿಮ್ಮ ಕಂಪ್ಯೂಟರಿನ ಮೇಲೆ ಅನುಮಾನ ಬೇಡ.

ಒಂದು ನಿಯಮ ಮಾತ್ರ ಮುರಿಯಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನೋಡಿ, ಬರೆದಿಟ್ಟುಕೊಳ್ಳಿ. ಡ್ರೈವರ್ ಬದಲಿಸಿ, ಸ್ಕೇಲಿಂಗ್ ಬದಲಿಸಿ, ಪ್ರೊಫೈಲನ್ನೂ ರೀಸೆಟ್ ಮಾಡಿ ಆಮೇಲೆ "ಸರಿ ಆತ್ರಿ, ಯಾವುದರಿಂದ ಆತೋ ಗೊತ್ತಿಲ್ಲ" ಅಂದರೆ, ಕಚೇರಿಯ ಉಳಿದ ಕಂಪ್ಯೂಟರುಗಳಿಗೂ ಅದೇ ಮೂರು ಕೆಲಸ ಮಾಡಬೇಕಾಗುತ್ತದೆ.

ಹಳೇ ವಿಳಾಸದಲ್ಲೇ ಉಳಿದ ಸೆಟ್ಟಿಂಗ್‌ಗಳು

ಅಪ್‌ಗ್ರೇಡ್‌ಗೇ ವಿಶೇಷವಾದ ತೊಂದರೆ ಇದು. ಆಟೋಕ್ಯಾಡ್‌ನ ಪ್ರತಿ ವರ್ಷದ ಆವೃತ್ತಿ ತನ್ನದೇ ಬೇರೆ ಫೋಲ್ಡರಿನಲ್ಲಿ ಕೂರುತ್ತದೆ. ರೆವಿಟ್ ಕೂಡ ಹಾಗೇ. ಆದರೆ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮಿಗೆಂದೇ ಮಾಡಿಟ್ಟ ಕೆಲವು ಸೆಟ್ಟಿಂಗ್‌ಗಳು ಆ ಪ್ರೋಗ್ರಾಂ ಫೈಲಿನ ಪೂರ್ತಿ ದಾರಿಗೆ ಅಂಟಿಕೊಂಡಿರುತ್ತವೆ. ಬಾಡಿಗೆ ಮನೆ ಬದಲಿಸಿದ ಮೇಲೂ ಗ್ಯಾಸ್ ಪುಸ್ತಕ ಹಳೇ ವಿಳಾಸದಲ್ಲೇ ಉಳಿದ ಹಾಗೆ, ಸಿಲಿಂಡರ್ ಇನ್ನೆಲ್ಲೋ ಹೋಗುತ್ತದೆ.

ಇದರಲ್ಲಿ ಮುಖ್ಯವಾದದ್ದು ಗ್ರಾಫಿಕ್ಸ್ ಆಯ್ಕೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ: ಪ್ರೊಸೆಸರಿನ ಒಳಗಿನ ಇಂಟೆಲ್ ಅಥವಾ ಎಎಂಡಿ, ಜೊತೆಗೆ ಬೇರೆಯಾಗಿ ಎನ್‌ವಿಡಿಯಾ. ಹಳೆಯ ಆವೃತ್ತಿಯನ್ನು ಯಾರೋ ಪುಣ್ಯಾತ್ಮರು ಎನ್‌ವಿಡಿಯಾ ಮೇಲೆ ಓಡುವಂತೆ ಹೊಂದಿಸಿದ್ದರು. ಹೊಸದು ಬಂದಾಗ ವಿಂಡೋಸ್ ಅದನ್ನು ಪರಿಚಯವಿಲ್ಲದ ಹೊಸ ಪ್ರೋಗ್ರಾಂ ಅಂದುಕೊಂಡು ಚಿಕ್ಕ ಗ್ರಾಫಿಕ್ಸ್ ಮೇಲೇ ಓಡಿಸಬಹುದು. ಪರಿಣಾಮ ಏನೆಂದರೆ ಪ್ಯಾನ್ ಮಾಡಿದರೆ (ಡ್ರಾಯಿಂಗನ್ನು ಅತ್ತಿತ್ತ ಸರಿಸಿದರೆ) ಎಳೆದಾಡುತ್ತದೆ, ಆರ್ಬಿಟ್ ಮಾಡಿದರೆ ಮಾಡೆಲ್ ತುಂಡುತುಂಡಾಗಿ ತಿರುಗುತ್ತದೆ.

ಸರಿಮಾಡಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿಂದ ಡಿಸ್‌ಪ್ಲೇ, ಅದರ ಕೆಳಗೆ ಗ್ರಾಫಿಕ್ಸ್‌ಗೆ ಹೋಗಿ. ಪಟ್ಟಿಯಲ್ಲಿ ಆಟೋಕ್ಯಾಡ್ ಇದೆಯಲ್ಲ ಅಂತ ಸುಮ್ಮನಾಗಬೇಡಿ. ಅದರ ಹೆಸರಿನ ಕೆಳಗೆ ಬರೆದ ಫೋಲ್ಡರ್ ದಾರಿಯಲ್ಲಿ ಯಾವ ವರ್ಷ ಇದೆ ಅಂತ ಓದಿ. ಹಳೆಯದಾಗಿದ್ದರೆ ಬ್ರೌಸ್ ಒತ್ತಿ ಹೊಸ ಫೋಲ್ಡರಿನ ಪ್ರೋಗ್ರಾಂ ಫೈಲನ್ನು ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ನಿಜಕ್ಕೂ ಯಾವ ಗ್ರಾಫಿಕ್ಸ್ ದುಡಿಯುತ್ತಿದೆ ಅನ್ನುವುದನ್ನು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ನೋಡಬಹುದು. ಮಾಡೆಲ್ ತಿರುಗಿಸುತ್ತಾ ಇರಿ, ಯಾವ ಜಿಪಿಯುವಿನ ಗ್ರಾಫ್ ಏರುತ್ತದೋ ಅದೇ.

ಐಕಾನ್ ಮತ್ತು ಡೈಲಾಗ್‌ಗಳ ಗಾತ್ರದ ತೊಂದರೆಯ ಕಥೆಯೂ ಇದೇ. 4ಕೆ ಮಾನಿಟರ್ ಇರುವವರು ಹಳೆಯ ಆವೃತ್ತಿಯ ಪ್ರಾಪರ್ಟೀಸ್‌ನಲ್ಲಿ, ಕಂಪ್ಯಾಟಿಬಿಲಿಟಿ ಪುಟದ ಹೈ ಡಿಪಿಐ ಭಾಗದಲ್ಲಿ ಏನೋ ಒಂದು ಬದಲಾವಣೆ ಮಾಡಿಕೊಂಡಿರುತ್ತಾರೆ. ಅದು ಹೊಸದಕ್ಕೆ ಬರುವುದಿಲ್ಲ. ಮೊದಲು ಏನನ್ನೂ ಹೊಂದಿಸದೆ ನೋಡಿ, ಹೊಸ ಆವೃತ್ತಿಗಳು ತಾವೇ ಅಳತೆ ಸರಿಮಾಡಿಕೊಳ್ಳುವುದರಲ್ಲಿ ಎಷ್ಟೋ ಸುಧಾರಿಸಿವೆ. ಆಗಲೂ ಬಟನ್‌ಗಳು ಒಂದರ ಮೇಲೊಂದು ಏರಿ ಕೂತರೆ, ಅದೇ ಜಾಗದಲ್ಲಿ ಸ್ಕೇಲಿಂಗ್ ಹೊಣೆಯನ್ನು 'ಸಿಸ್ಟಮ್'ಗೆ ಕೊಟ್ಟು ನೋಡಿ. ಎರಡು ಮಾನಿಟರಿದ್ದು ಒಂದು 150 ಪರ್ಸೆಂಟ್, ಇನ್ನೊಂದು 100 ಪರ್ಸೆಂಟ್ ಸ್ಕೇಲಿಂಗಿನಲ್ಲಿದ್ದರೆ, ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದಾಗಲೇ ತೊಂದರೆ ಶುರುವಾಗುತ್ತದೆ. ಪರೀಕ್ಷೆಗೆ ಎರಡನ್ನೂ ಒಂದೇ ಮಾಡಿ, ಸೈನ್ ಔಟ್ ಆಗಿ ಬನ್ನಿ.

ಡೈಲಾಗ್ ತೆರೆದ ಸದ್ದು ಬರುತ್ತದೆ, ಡೈಲಾಗ್ ಮಾತ್ರ ಕಾಣುವುದಿಲ್ಲ ಅನ್ನುವವರಿಗೆ: ಅದು ನಿನ್ನೆವರೆಗೆ ಇದ್ದ ಎರಡನೇ ಮಾನಿಟರಿನ ಜಾಗದಲ್ಲಿ ತೆರೆದಿದೆ. ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಒಂದು ಬಾಣದ ಕೀ ಒತ್ತಿದರೆ ಡೈಲಾಗ್ ಮೌಸ್‌ಗೆ ಅಂಟಿಕೊಂಡು ಬರುತ್ತದೆ.

ಬರಬಾರದ್ದು ಬಂದದ್ದು

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಮೊದಲ ಸಲ ತೆರೆದಾಗ ಆಟೋಕ್ಯಾಡ್ "ಹಳೆಯ ಸೆಟ್ಟಿಂಗ್ ತರಲೇ?" ಅಂತ ಕೇಳುತ್ತದೆ, ಎಲ್ಲರೂ ಹೌದು ಅನ್ನುತ್ತಾರೆ. ಹಳೆಯ ಮೆನು, ಟೂಲ್‌ಬಾರ್, ಲಿಸ್ಪ್ (ಆಟೋಕ್ಯಾಡ್‌ಗೆಂದು ಬರೆದ ಚಿಕ್ಕ ಪ್ರೋಗ್ರಾಂಗಳು) ಎಲ್ಲ ಬರುತ್ತವೆ. ಹಳೆಯ ಆವೃತ್ತಿಗೆಂದು ಬರೆದ ಪ್ಲಗ್‌ಇನ್ ಹೊಸದರಲ್ಲಿ ಅರ್ಧಂಬರ್ಧ ಓಡಿ ರಿಬ್ಬನ್ ಖಾಲಿ ಮಾಡಿಬಿಡಬಹುದು.

ಇದನ್ನು ಖಚಿತಪಡಿಸಿಕೊಳ್ಳಲು ಸ್ಟಾರ್ಟ್ ಮೆನುವಿನಲ್ಲಿ ಆ ವರ್ಷದ ಆಟೋಕ್ಯಾಡ್ ಗುಂಪಿನೊಳಗೆ 'ರೀಸೆಟ್ ಸೆಟ್ಟಿಂಗ್ಸ್ ಟು ಡೀಫಾಲ್ಟ್' ಇರುತ್ತದೆ. ಬ್ಯಾಕಪ್ ತೆಗೆದುಕೊಳ್ಳಲೇ ಎಂದು ಕೇಳಿದಾಗ ಬ್ಯಾಕಪ್ ಸಹಿತವೇ ರೀಸೆಟ್ ಮಾಡಿ. ರೀಸೆಟ್ ಆದ ಮೇಲೆ ಸರಿಹೋದರೆ, ಹಳೆಯದನ್ನು ಒಂದೊಂದಾಗಿ ತನ್ನಿ, ಯಾವುದನ್ನು ತಂದಾಗ ಕೆಡುತ್ತದೋ ಕಳ್ಳ ಅದೇ. ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕುವ ಬದಲು ಇದನ್ನು ಮಾಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬಳಕೆದಾರರ ಪ್ರೊಫೈಲ್ ಬೇರೆ ಫೋಲ್ಡರಿನಲ್ಲಿ ಇರುವುದರಿಂದ ಸುಮ್ಮನೆ ಅನ್‌ಇನ್‌ಸ್ಟಾಲ್ ಮಾಡಿದರೆ ಅದು ಅಲ್ಲೇ ಉಳಿದು, ಮತ್ತೆ ಹಾಕಿದಾಗ ಹಳೆಯ ದೋಷದ ಸಮೇತ ಹಾಜರಾಗಬಹುದು.

ಹಾರ್ಡ್‌ವೇರ್ ಆಕ್ಸಲರೇಶನ್ ಪರೀಕ್ಷೆ

ಆಟೋಕ್ಯಾಡ್‌ನಲ್ಲಿ 'ಗ್ರಾಫಿಕ್ಸ್‌ಕಾನ್ಫಿಗ್' ಕಮಾಂಡ್, ನಡುವೆ ಜಾಗ ಬಿಡದೆ ಒಂದೇ ಪದವಾಗಿ ಟೈಪ್ ಮಾಡಬೇಕು. ಹಾರ್ಡ್‌ವೇರ್ ಆಕ್ಸಲರೇಶನ್, ಅಂದರೆ ಚಿತ್ರ ಬರೆಯುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ಗುಂಡಿ, ಅಲ್ಲಿದೆ. ರೆವಿಟ್‌ನಲ್ಲಿ ಅದು ಆಪ್ಷನ್ಸ್ ಒಳಗಿದೆ. ಆಫ್ ಮಾಡಿ ನೋಡಿ. ದೋಷ ಹೋದರೆ ಕಾರ್ಡ್ ಮತ್ತು ಡ್ರೈವರಿನ ಕಡೆಗೆ ಬೆರಳು ತೋರಿಸಬಹುದು. ಹೋಗದಿದ್ದರೆ ಡ್ರೈವರ್ ಬಿಟ್ಟು ಫೈಲು, ಪ್ರೊಫೈಲು ನೋಡಿ. ಆಟೋಕ್ಯಾಡ್ ತೆರೆಯುವಷ್ಟರಲ್ಲೇ ಮುಚ್ಚಿಹೋಗುತ್ತಿದ್ದರೆ ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ 'ನೋಹಾರ್ಡ್‌ವೇರ್' ಅಂತ ಒಂದೇ ಪದ ಬರೆದರೆ ಆಕ್ಸಲರೇಶನ್ ಇಲ್ಲದೆ ತೆರೆಯುತ್ತದೆ.

ಆಫ್ ಮಾಡಿ ಕೆಲಸ ಸಾಗಿತು ಅಂತ ಹಾಗೇ ಬಿಡುವವರಿದ್ದಾರೆ. ಇದು ಪರೀಕ್ಷೆ, ಪರಿಹಾರವಲ್ಲ. ಕಾರ್ಡಿಗೆ ಕೊಟ್ಟ ದುಡ್ಡು ದಂಡ, ಪ್ರೊಸೆಸರ್ ಮೇಲೆ ಇಡೀ ಭಾರ. ಎರಡು ಬೆಡ್‌ರೂಮಿನ ಪ್ಲಾನಿಗೆ ಗೊತ್ತಾಗುವುದಿಲ್ಲ, ಇಡೀ ಸೊಸೈಟಿಯ ಲೇಔಟ್ ತೆರೆದಾಗ ಗೊತ್ತಾಗುತ್ತದೆ.

ಸ್ಕೆಚಪ್‌ನವರಿಗೆ ಬೇರೆ ದಾರಿ ಇದೆ. 2024ರ ಆವೃತ್ತಿಯಲ್ಲಿ ಹೊಸ ಗ್ರಾಫಿಕ್ಸ್ ಎಂಜಿನ್ ಬಂತು. ಅದು ಕೈಕೊಟ್ಟರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟದಲ್ಲಿ ಕ್ಲಾಸಿಕ್ ಎಂಜಿನ್ ಆರಿಸಿ, ಮುಚ್ಚಿ ತೆರೆಯಿರಿ. ಆದರೆ ಒಂದೇ ಜಾಗದಲ್ಲಿ ಎರಡು ಮೇಲ್ಮೈ ಒಂದರ ಮೇಲೊಂದು ಕೂತು ಮಿಣುಕುತ್ತಿದ್ದರೆ ಎಂಜಿನ್ ಬದಲಿಸಿ ಏನೂ ಆಗದು. ಟೈಲ್ಸ್ ಮೇಲ್ಮೈಯನ್ನು ಸ್ಲ್ಯಾಬಿನಿಂದ ನಿಜವಾದ ದಪ್ಪದಷ್ಟು ಮೇಲೆತ್ತಿ, ಮಿಣುಕು ನಿಲ್ಲುತ್ತದೆ.

ಗೆರೆ ನಡುಗುವುದು, ಗೋಡೆ ಜಿಗಿಯುವುದು

ಈ ದೋಷಕ್ಕೆ ಸ್ವಲ್ಪ ನಿಧಾನವಾಗಿ ಕೂರಬೇಕು, ಏಕೆಂದರೆ ಮೂಲ ಹೊರಗಿನಿಂದ ಬಂದ ಸರ್ವೇ ಫೈಲಿನಲ್ಲಿರುತ್ತದೆ, ಬೈಗುಳ ಮಾತ್ರ ಹೊಸ ಆವೃತ್ತಿಗೆ.

"ಝೂಮ್ ಮಾಡಿದ್ರ ಗ್ವಾಡಿ ಹಲ್ಲ್ ಹಲ್ಲ್ ಆಗಿ ಕಾಣ್ತಾವ್ರಿ, ಸ್ವಲ್ಪ ಪ್ಯಾನ್ ಮಾಡಿದ್ರ ಸಾಕು, ಬ್ಯಾರೆ ಕಡೆ ಜಿಗೀತಾವ" ಎಂದು ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಕೋಥ್ರೂಡಿನ ಕಚೇರಿಯಿಂದ ವರ್ಣಿಸಿದ್ದಳು. ಇದಕ್ಕಿಂತ ಒಳ್ಳೆಯ ದೂರು ಬೇಕಿಲ್ಲ. ಅವಳಿಗೆ ಹೇಳಿದ ಮೊದಲ ಕೆಲಸ ಇಷ್ಟೇ: "ತಂಗಿ, ಐಡಿ ಕಮಾಂಡ್ ಕೊಟ್ಟು ಗೋಡೆಯ ಒಂದು ಮೂಲೆ ಒತ್ತು, ಬಂದ ಅಂಕಿ ಓದು." ಫೈಲು ಮಿಲಿಮೀಟರಿನದು, ಎಕ್ಸ್ ಬೆಲೆ ಒಂಬತ್ತು ಅಂಕಿಯದು, ವೈ ಬೆಲೆ ಹತ್ತು ಅಂಕಿಯದು. ಅಲ್ಲಿಗೆ ಕಾರಣ ಸಿಕ್ಕಿತು.

ಟೋಟಲ್ ಸ್ಟೇಷನ್ ಅಥವಾ ಜಿಪಿಎಸ್ ಸರ್ವೇ ಫೈಲುಗಳು ಸಾಮಾನ್ಯವಾಗಿ ಯುಟಿಎಂ ಲೆಕ್ಕದಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಪ್ರತಿ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಪದ್ಧತಿಯಲ್ಲಿ, ಬರುತ್ತವೆ. ಪುಣೆ, ಮುಂಬಯಿ, ಗೋವಾ ಮೂರೂ 43ನೇ ವಲಯದಲ್ಲಿವೆ. ಉತ್ತರದ ಅಂಕಿ ಭೂಮಧ್ಯರೇಖೆಯಿಂದ ಎಣಿಸಿದ ದೂರ. ಪುಣೆಯಲ್ಲಿ ಅದು ಸುಮಾರು 20 ಲಕ್ಷ 48 ಸಾವಿರ ಮೀಟರ್, ಪಣಜಿಯಲ್ಲಿ ಸುಮಾರು 17 ಲಕ್ಷ 13 ಸಾವಿರ. ಆಟೋಕ್ಯಾಡ್ ಫೈಲಿನೊಳಗೆ ಇಂಥ ಅಂಕಿಯನ್ನು ಹದಿನೈದು ಅಂಕಿಯವರೆಗೂ ನಿಖರವಾಗಿ ಇಟ್ಟುಕೊಳ್ಳುತ್ತದೆ, ಅಲ್ಲಿ ಏನೂ ತಪ್ಪುವುದಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡ್ ವೇಗಕ್ಕಾಗಿ ಸಿಂಗಲ್ ಪ್ರಿಸಿಷನ್‌ನಲ್ಲಿ ಲೆಕ್ಕ ಮಾಡುತ್ತದೆ. ಅದರಲ್ಲಿ ನಂಬಬಹುದಾದದ್ದು ಸುಮಾರು ಏಳು ಅಂಕಿ ಮಾತ್ರ. ಮೀಟರಿನ ಫೈಲಿನಲ್ಲಿ, 20 ಲಕ್ಷ 48 ಸಾವಿರದ ಮಟ್ಟದಲ್ಲಿ ಈ ಲೆಕ್ಕಕ್ಕೆ ಒಂದು ಅಂಕಿಯಿಂದ ಮುಂದಿನ ಅಂಕಿಗೆ ಇರುವ ಹೆಜ್ಜೆ 12.5 ಸೆಂಟಿಮೀಟರ್. 115 ಮಿಲಿಮೀಟರಿನ ಅರ್ಧ ಇಟ್ಟಿಗೆ ಗೋಡೆ ಆ ಹೆಜ್ಜೆಗಿಂತ ಸಣ್ಣದು, ಹಾಗಾಗಿ ಅದರ ಎರಡೂ ಬದಿ ಒಂದೇ ಗೆರೆಯ ಮೇಲೆ ಬೀಳಬಹುದು. ಇನ್ನು ಮುಂಬಯಿಯ ಉಪನಗರವಾದ ಅಂಧೇರಿಯ ನಿವೇಶನವಾದರೆ ಉತ್ತರದ ಅಂಕಿ 20,97,152ನ್ನು ದಾಟುತ್ತದೆ. ಎರಡರ ಇಪ್ಪತ್ತೊಂದನೇ ಘಾತವಾದ ಆ ಗಡಿ ದಾಟಿದ ಕೂಡಲೇ ಹೆಜ್ಜೆ 25 ಸೆಂಟಿಮೀಟರಿಗೆ ಹಿಗ್ಗುತ್ತದೆ. ಉಪನಗರದವರ ಗೋಡೆ ಪುಣೆಯವರ ಗೋಡೆಗಿಂತ ಹೆಚ್ಚು ಕುಣಿದರೆ ಲೆಕ್ಕದ ಪ್ರಕಾರ ಅದು ಸರಿಯೇ.

ಈ ತೊಂದರೆ ಸಾಫ್ಟ್‌ವೇರ್ ಬರೆಯುವವರಿಗೆ ಗೊತ್ತು. ಅದಕ್ಕೇ ದೊಡ್ಡ ಅಂಕಿಯನ್ನು ಮೊದಲೇ ಕಳೆದು, ಉಳಿದ ಚಿಕ್ಕ ಅಂಕಿಯನ್ನಷ್ಟೇ ಕಾರ್ಡಿಗೆ ಕೊಡುವ ಉಪಾಯ ಮಾಡಿರುತ್ತಾರೆ. ಫೈಲಿನ ಎಲ್ಲ ವಸ್ತುಗಳೂ ಒಂದೇ ಕಡೆ ಇದ್ದರೆ ಈ ಉಪಾಯ ನಡೆಯುತ್ತದೆ. ಆದರೆ ನಿವೇಶನ ಒಂದು ಕಡೆ, ಯಾರೋ ಮರೆತ ಉತ್ತರ ದಿಕ್ಕಿನ ಬಾಣ ಸೊನ್ನೆ-ಸೊನ್ನೆಯ ಹತ್ತಿರ ಇನ್ನೊಂದು ಕಡೆ ಇದ್ದರೆ ಸೋಲಬಹುದು. ಝೂಮ್ ಎಕ್ಸ್‌ಟೆಂಟ್ಸ್ ಕೊಟ್ಟು ನೋಡಿ. ಇಡೀ ಪರದೆ ಖಾಲಿಯಾಗಿ ಎರಡು ಮೂಲೆಯಲ್ಲಿ ಎರಡು ಚುಕ್ಕೆ ಮಾತ್ರ ಕಂಡರೆ ನಿಮ್ಮ ಫೈಲು ಇದೇ ಜಾತಿಯದು.

ಸರಿಮಾಡುವ ಕ್ರಮ: ಮೊದಲು ದೂರದ ಅನಾಥ ತುಂಡನ್ನು ಅಳಿಸಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಸರ್ವೇ ಫೈಲನ್ನು ಮುಟ್ಟದೆ ಹಾಗೇ ಇಟ್ಟುಕೊಂಡು, ನಿಮ್ಮ ಡಿಸೈನ್ ಫೈಲನ್ನು ಸೊನ್ನೆಯ ಹತ್ತಿರ ಬರೆಯಿರಿ. ಸರ್ವೇ ಫೈಲನ್ನು ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಡ್ರಾಯಿಂಗ್) ಆಗಿ ತರುವಾಗ, ಒಂದು ಗಟ್ಟಿ ಗುರುತನ್ನು, ಉದಾಹರಣೆಗೆ ಕಾಂಪೌಂಡಿನ ಒಂದು ಮೂಲೆಗಲ್ಲನ್ನು, ಸೊನ್ನೆಗೆ ತಂದು ನಿಲ್ಲಿಸಿ. ಎಷ್ಟು ಸರಿಸಿದಿರಿ ಅನ್ನುವ ಎರಡೂ ಅಂಕಿಯನ್ನು ಡ್ರಾಯಿಂಗಿನ ಮೇಲೇ ಟಿಪ್ಪಣಿಯಾಗಿ ಬರೆಯಿರಿ, ಮಹಾನಗರಪಾಲಿಕೆಗೆ ಕೊಡುವಾಗ ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಕೇಳಿದಾಗ ವಾಪಸ್ ಸರಿಸಬೇಕಲ್ಲ. ಯುಸಿಎಸ್ (ಬಳಕೆದಾರರು ತಾವೇ ಇಟ್ಟುಕೊಳ್ಳುವ ಅಳತೆಯ ಮೂಲಬಿಂದು ಮತ್ತು ದಿಕ್ಕು) ಬದಲಿಸಿದರೆ ಸಾಲದೇ ಅಂತ ಕೇಳುತ್ತಾರೆ. ಸಾಲದು. ಯುಸಿಎಸ್ ನಿಮಗೆ ಓದಲು ಸಿಗುವ ಅಂಕಿಯನ್ನು ಬದಲಿಸುತ್ತದೆ, ವಸ್ತು ಇರುವ ಮೂಲ ಜಾಗವನ್ನಲ್ಲ.

ರೆವಿಟ್‌ನಲ್ಲಿ ಇದೇ ಸರ್ವೇ ಫೈಲನ್ನು ಲಿಂಕ್ ಮಾಡುವಾಗ ಮೂಲದಿಂದ ಮೂಲಕ್ಕೆ ಅನ್ನುವ ಆಯ್ಕೆ ಬೇಡ. ಮಧ್ಯದಿಂದ ಮಧ್ಯಕ್ಕೆ ಆಯ್ಕೆಯಲ್ಲಿ ತಂದು, ಜಾಗಕ್ಕೆ ಕೂರಿಸಿ, ಆಮೇಲೆ ಅಕ್ವೈರ್ ಕೋಆರ್ಡಿನೇಟ್ಸ್ ಬಳಸಿ. ರೆವಿಟ್‌ನ ಒಳಗಿನ ಮೂಲಬಿಂದುವಿನಿಂದ 16 ಕಿಲೋಮೀಟರ್ ದೂರದ ಒಳಗೇ ಮಾಡೆಲ್ ಇರಬೇಕು.

ಹಾಗಾದರೆ ಹಳೆಯ ಆವೃತ್ತಿಯಲ್ಲಿ ಯಾಕೆ ಕಾಣುತ್ತಿರಲಿಲ್ಲ? ಹಳೆಯದರಲ್ಲಿ ಆಕ್ಸಲರೇಶನ್ ಆಫ್ ಇದ್ದು ಹೊಸದರಲ್ಲಿ ಆನ್ ಆಗಿ ಬಂದಿರಬಹುದು. ನೀವು ಅದನ್ನು ಆಫ್ ಮಾಡಿ ನೋಡಿದಾಗ ಕುಣಿತ ನಿಂತರೂ, ಫೈಲು ಸರಿಪಡಿಸುವ ಕೆಲಸ ತಪ್ಪುವುದಿಲ್ಲ. ಸ್ನ್ಯಾಪ್ (ಬಿಂದುವಿಗೆ ಕರ್ಸರ್ ಅಂಟುವುದು), ಹ್ಯಾಚ್ (ಜಾಗವನ್ನು ಗೆರೆಗಳಿಂದ ತುಂಬುವುದು) ಎಲ್ಲವೂ ಇಂಥ ಫೈಲಿನಲ್ಲಿ ತಕರಾರು ಮಾಡುತ್ತವೆ.

ಅಕ್ಷರ ಹೋದರೆ

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅದು ಫಾಂಟ್ ಕಥೆ. ಕಚೇರಿಯಲ್ಲಿ ಯಾರೋ ಎಂದೋ ಹಳೆಯ ಆಟೋಕ್ಯಾಡ್‌ನ ಫಾಂಟ್ಸ್ ಫೋಲ್ಡರಿನೊಳಗೆ ಎಸ್‌ಎಚ್‌ಎಕ್ಸ್ ಫಾಂಟ್ ಫೈಲುಗಳನ್ನು ಹಾಕಿರುತ್ತಾರೆ, ಅವು ಹೊಸ ಫೋಲ್ಡರಿಗೆ ತಾವಾಗಿ ಬರುವುದಿಲ್ಲ. ಹಳೆಯ ಆವೃತ್ತಿಯನ್ನು ಅಳಿಸುವ ಮುಂಚೆ ಆ ಫೈಲುಗಳನ್ನು ಎತ್ತಿಟ್ಟುಕೊಳ್ಳಿ. ಹೊಸ ಫೋಲ್ಡರಿಗೇ ಸುರಿಯಬೇಡಿ, ಮುಂದಿನ ವರ್ಷ ಮತ್ತೆ ಇದೇ ಹಾಡು. ಕಚೇರಿಯ ಸರ್ವರಿನಲ್ಲಿ ಒಂದು ಫಾಂಟ್ ಫೋಲ್ಡರ್ ಮಾಡಿ, ಆಪ್ಷನ್ಸ್‌ನ ಫೈಲ್ಸ್ ಪುಟದ ಸಪೋರ್ಟ್ ಪಾತ್‌ಗೆ ಅದನ್ನು ಸೇರಿಸಿ.

ಮರಾಠಿ ಟಿಪ್ಪಣಿ ಇದ್ದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಹಳೆಯ ಶ್ರೀಲಿಪಿಯಂಥ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದು, ಆ ಫಾಂಟ್ ಈ ಕಂಪ್ಯೂಟರಿನಲ್ಲಿಲ್ಲ. ಬೆಳಗಾವಿ, ಧಾರವಾಡದ ಕೆಲಸ ಹಿಡಿದವರಿಗೆ ಹಳೆಯ ನುಡಿ, ಬರಹ ಫಾಂಟಿನ ಡ್ರಾಯಿಂಗುಗಳಲ್ಲಿ ಇದೇ ಅನುಭವ ಆಗಿರುತ್ತದೆ. ತಾತ್ಕಾಲಿಕವಾಗಿ ಆ ಫಾಂಟ್ ಹಾಕಿಕೊಂಡು ಓದಿ, ಆದರೆ ಇನ್ನು ಮುಂದೆ ಬರೆಯುವುದನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಫಾಂಟಿನಲ್ಲಿ ದೇವನಾಗರಿ, ಕನ್ನಡ ಎರಡೂ ಇವೆ.

ದೋಷವೇ ಅಲ್ಲದವು

ಇವುಗಳಿಗೆ ಡ್ರೈವರ್ ಬದಲಿಸಿದವರನ್ನು ಕಂಡಿದ್ದೇನೆ, ಅದಕ್ಕೇ ಬೇಗ ಹೇಳಿ ಮುಗಿಸುತ್ತೇನೆ. ವೃತ್ತ ಮೂಲೆಮೂಲೆಯಾದರೆ 'ರೀಜೆನ್' (ಪರದೆಯ ಚಿತ್ರವನ್ನು ಮತ್ತೆ ಬರೆಸುವ ಕಮಾಂಡ್) ಕೊಡಿ, ಮತ್ತೆಮತ್ತೆ ಹಾಗಾದರೆ 'ವ್ಯೂರೆಸ್' (ವೃತ್ತ ಎಷ್ಟು ನುಣುಪಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್) ಬೆಲೆ ನೋಡಿ, 1000ಕ್ಕಿಂತ ಕೆಳಗಿದ್ದರೆ ಏರಿಸಿ. ಪ್ರಿಂಟಿನಲ್ಲಿ ವೃತ್ತ ಯಾವಾಗಲೂ ವೃತ್ತವೇ. ಆಯ್ದ ಗೆರೆ ಚುಕ್ಕೆಚುಕ್ಕೆಯಾಗುವ ಬದಲು ನೀಲಿಯಾಗಿ ದಪ್ಪಗೆ ಹೊಳೆದರೆ ಅದು ಹೊಸ ಪದ್ಧತಿ, 'ಸೆಲೆಕ್ಷನ್‌ಇಫೆಕ್ಟ್' ಅನ್ನು ಸೊನ್ನೆ ಮಾಡಿದರೆ ಹಳೆಯ ಚುಕ್ಕೆಗಳು ಬರುತ್ತವೆ. ಎಕ್ಸ್‌ರೆಫ್ ಮಸಕಾಗಿದ್ದರೆ ಆಪ್ಷನ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಫೇಡ್ ಕಂಟ್ರೋಲ್ ಇದೆ. ಲಾಕ್ ಆದ ಲೇಯರೂ ಮಸಕಾಗಿಯೇ ಕಾಣುತ್ತದೆ. ಹ್ಯಾಚ್ ಎಲ್ಲ ಒಟ್ಟಿಗೆ ಮಾಯವಾದರೆ 'ಫಿಲ್‌ಮೋಡ್' ಸೊನ್ನೆಯಾಗಿದೆ, ಒಂದು ಮಾಡಿ ರೀಜೆನ್ ಕೊಡಿ. ರಿಬ್ಬನ್, ಟೂಲ್‌ಬಾರ್ ಎಲ್ಲ ಒಮ್ಮೆಗೇ ಹೋದರೆ ಕೈತಪ್ಪಿ ಕಂಟ್ರೋಲ್ ಮತ್ತು ಸೊನ್ನೆ ಒತ್ತಿದ್ದೀರಿ, ಮತ್ತೆ ಒತ್ತಿ. ಲೇಔಟ್‌ನಲ್ಲಿ ಸೆಂಟರ್‌ಲೈನ್ ಪೂರ್ತಿ ಗೆರೆಯಾಗಿ ಕಂಡರೆ ಲೈನ್‌ಟೈಪ್ ಸ್ಕೇಲ್ ನೋಡಿ, ಕಾರ್ಡನ್ನಲ್ಲ.

ಕರ್ಸರ್ ತಡವರಿಸುವುದೂ ಯಾವಾಗಲೂ ಡಿಸ್‌ಪ್ಲೇ ದೋಷವಲ್ಲ. ಕಂಪ್ಯೂಟರಿನ ಡೀಫಾಲ್ಟ್ ಪ್ರಿಂಟರ್ ಆಫ್ ಆಗಿರುವ ನೆಟ್‌ವರ್ಕ್ ಪ್ಲಾಟರ್ ಆಗಿದ್ದರೆ ಆಟೋಕ್ಯಾಡ್ ಅದನ್ನು ಹುಡುಕುತ್ತಾ ನಿಲ್ಲಬಹುದು. ಪಿಡಿಎಫ್ ಪ್ರಿಂಟರನ್ನು ಡೀಫಾಲ್ಟ್ ಮಾಡಿ ನೋಡಿ.

ಕೇಬಲ್ ಮತ್ತು ಮಾನಿಟರ್

ಮೇಜಿನ ಕೆಳಗೆ ಬಗ್ಗಿ ನೋಡಲು ಯಾರಿಗೂ ಮನಸ್ಸಿಲ್ಲ. ಆದರೆ ಅಪ್‌ಗ್ರೇಡ್ ದಿನವೇ ಕಂಪ್ಯೂಟರ್ ಧೂಳು ಹೊಡೆಸಿದ್ದರೆ ಮೊದಲು ನೋಡಬೇಕಾದದ್ದು ಅದೇ. ಸಿಪಿಯು ಡಬ್ಬಿಯ ಹಿಂಭಾಗದಲ್ಲಿ ಯುಎಸ್‌ಬಿ ತೂತುಗಳ ಪಕ್ಕ ನೆಟ್ಟಗೆ ನಿಂತ ಎಚ್‌ಡಿಎಂಐ ಜಾಗ ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಅಡ್ಡಡ್ಡಲಾಗಿ ಸಾಲಾಗಿ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಕೇಬಲ್ ಮೇಲಿನದಕ್ಕೆ ಸಿಕ್ಕಿಸಿದ್ದರೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ದುಬಾರಿ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ.

ಡೊಂಬಿವಲಿ, ಠಾಣೆ ಕಡೆಯ ಸಣ್ಣ ಕಚೇರಿಗಳಲ್ಲಿ 4ಕೆ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿದ್ದಾರೆ. ಎಚ್‌ಡಿಎಂಐ 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ, 60ಕ್ಕೆ 2.0 ಬೇಕು. 30ರಲ್ಲಿ ಕರ್ಸರ್ ಕೈಯ ಹಿಂದೆ ಹಿಂದೆ ಬರುತ್ತದೆ, ದೂರು ಮಾತ್ರ ಆಟೋಕ್ಯಾಡ್ ಮೇಲೆ. ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ದರ ಓದಿ. ಕಪ್ಪು ಹಿನ್ನೆಲೆಯಲ್ಲಿ ಕೆಂಪು, ನೀಲಿ ಗೆರೆ ಮಾತ್ರ ಕದಡಿದಂತಿದ್ದು ಬಿಳಿ ಗೆರೆ ಚೂಪಾಗಿದ್ದರೆ, ಟಿವಿಗೆ ಬಣ್ಣದ ಮಾಹಿತಿ ಕತ್ತರಿಸಿ ಹೋಗುತ್ತಿದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಬಣ್ಣವನ್ನು ಆರ್‌ಜಿಬಿ ಮಾಡಿ, ಟಿವಿಯಲ್ಲಿ ಪಿಸಿ ಮೋಡ್ ಹಾಕಿ. ಸ್ಕ್ರೀನ್‌ಶಾಟ್‌ನಲ್ಲಿ ಇದು ಕಾಣುವುದೇ ಇಲ್ಲ ಅನ್ನುವುದು ನೆನಪಿರಲಿ.

ಕೊನೆಗೆ ಡ್ರೈವರ್

ಇಲ್ಲಿಯವರೆಗಿನ ಪರೀಕ್ಷೆಗಳೆಲ್ಲ ಕಾರ್ಡಿನ ಕಡೆಗೇ ಬೆರಳು ತೋರಿಸಿದ್ದರೆ ಮಾತ್ರ ಇದಕ್ಕೆ ಬನ್ನಿ. ಈಗಿರುವ ಡ್ರೈವರಿನ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಹೊಸದು ಹಾಕಿ ಕೆಟ್ಟರೆ ವಾಪಸ್ ಹೋಗಲು ಅದು ಬೇಕು. ಎಲ್ಲಕ್ಕಿಂತ ಹೊಸ ಡ್ರೈವರೇ ಒಳ್ಳೆಯದು ಅನ್ನುವುದು ಆಟ ಆಡುವವರ ನಂಬಿಕೆ. ನಮಗೆ ಬೇಕಾದದ್ದು ಸಾಫ್ಟ್‌ವೇರ್ ತಯಾರಕರು ಆ ಆವೃತ್ತಿಗೆ ಪರೀಕ್ಷಿಸಿ ಪಟ್ಟಿಯಲ್ಲಿ ಹಾಕಿದ ಡ್ರೈವರ್. ಎನ್‌ವಿಡಿಯಾದವರು ಗೇಮ್ ರೆಡಿ, ಸ್ಟುಡಿಯೊ ಅಂತ ಎರಡು ಬಗೆ ಕೊಡುತ್ತಾರೆ, ಕಚೇರಿಗೆ ಸ್ಟುಡಿಯೊ ಸಾಕು. ಲ್ಯಾಪ್‌ಟಾಪ್ ಆದರೆ ಅದರ ಕಂಪನಿಯ ಪುಟದಲ್ಲಿರುವುದನ್ನು ಮೊದಲು ನೋಡಿ. ಹಾಕುವಾಗ ಕಸ್ಟಮ್ ಆರಿಸಿ ಕ್ಲೀನ್ ಇನ್‌ಸ್ಟಾಲೇಶನ್‌ಗೆ ಗುರುತು ಹಾಕಿ.

ಸೇಫ್ ಮೋಡ್‌ಗೆ ಹೋಗಿ ಡ್ರೈವರ್ ಪೂರ್ತಿ ತೊಳೆಯುವ ಉಪಾಯವನ್ನು ವಿಡಿಯೋ ನೋಡಿ ಮಾಡುವವರಿಗೆ ಒಂದೇ ಎಚ್ಚರಿಕೆ: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವ ಲ್ಯಾಪ್‌ಟಾಪ್ ಆಗ ರಿಕವರಿ ಕೀ ಕೇಳಬಹುದು. ಆ ಕೀ ಯಾರ ಖಾತೆಯಲ್ಲಿದೆ ಅನ್ನುವುದು ಗೊತ್ತಿಲ್ಲದೆ ಸೇಫ್ ಮೋಡ್ ಮೆಟ್ಟಿಲು ಹತ್ತಬೇಡಿ.

ತ್ರೀಡಿ ತಿರುಗಿಸುವಾಗ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಪಟ್ಟಿಯಲ್ಲಿ 4101 ಅನ್ನುವ ಸಂಖ್ಯೆ ಹುಡುಕಿ. ಕಾರ್ಡ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಬೀಳಿಸಿ ಮತ್ತೆ ಎಬ್ಬಿಸುತ್ತದೆ, ಅದರ ದಾಖಲೆ ಇದು. ಡ್ರೈವರ್ ಬದಲಿಸಿದ ಮೇಲೂ ಬಂದರೆ ಕಾರ್ಡಿನ ಬಿಸಿ, ಫ್ಯಾನಿನ ಧೂಳು, ಪವರ್ ಸಪ್ಲೈ ನೋಡಿ. ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಹತ್ತು ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಬಿಸಿಯಾಗುತ್ತಿರುವ ಕಾರ್ಡಿಗೆ ಅದು ಇನ್ನಷ್ಟು ಹೊತ್ತು ಬೇಯಲು ಕೊಟ್ಟ ಅನುಮತಿ ಅಷ್ಟೇ.

ಹಳೆಯ ಕಾರ್ಡಿನ ಮಿತಿಯೂ ಇದೆ. ಸಣ್ಣ ಕಚೇರಿಗಳಲ್ಲಿ ಇನ್ನೂ ಕಾಣುವ ಜಿಟಿ 710ರಂಥ ಕೆಪ್ಲರ್ ಪೀಳಿಗೆಯ ಕಾರ್ಡುಗಳನ್ನು ಎನ್‌ವಿಡಿಯಾ 2021ರಲ್ಲೇ ಮುಖ್ಯ ಸರಣಿಯಿಂದ ಬಿಟ್ಟಿತು, ಅವಕ್ಕೆ 470 ಸರಣಿಯೇ ಕೊನೆ. ಹೊಸ ಆವೃತ್ತಿ ಅದಕ್ಕಿಂತ ಮುಂದಿನ ಡ್ರೈವರ್ ಕೇಳಿದರೆ ಹುಡುಕಿ ಪ್ರಯೋಜನವಿಲ್ಲ, ಕಾರ್ಡ್ ಬದಲಿಸಬೇಕು.

ಪುಣೆಯವರಿಗೆ ಇನ್ನೊಂದು: ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವ ರೂಢಿ ಇಲ್ಲಿದೆ. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ಗ್ರಾಫಿಕ್ಸ್ ವೇಗ ಇಳಿಸುತ್ತದೆ. ಗುರುವಾರ ಮಾತ್ರ ರೆವಿಟ್ ತೆವಳಿದರೆ ಚಾರ್ಜರ್ ಸಿಕ್ಕಿಸಿ ನೋಡಿದ ಮೇಲೆ ಫೋನ್ ಮಾಡಿ. ಹಾಗೆಯೇ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಂಡ ದೋಷವನ್ನು ಕಚೇರಿಯ ಮಾನಿಟರಿನ ಮುಂದೆ ಕೂತು ಖಚಿತಪಡಿಸಿಕೊಳ್ಳದೆ ನಂಬಬೇಡಿ, ರಿಮೋಟ್‌ನಲ್ಲಿ ಚಿತ್ರ ಬೇರೆ ದಾರಿಯಿಂದ ಬರುತ್ತದೆ.

ಇಷ್ಟೆಲ್ಲ ಆಗಿಯೂ ಬಗೆಹರಿಯದಿದ್ದರೆ ಸಾಫ್ಟ್‌ವೇರ್ ಕೊಟ್ಟವರಿಗೆ ದೂರು ಕಳಿಸಿ. ಬರೀ "ಸ್ಕ್ರೀನ್ ಕೆಟ್ಟಿದೆ" ಅಂತ ಬೇಡ. ಸಾಫ್ಟ್‌ವೇರಿನ ಪೂರ್ತಿ ಆವೃತ್ತಿ ಸಂಖ್ಯೆ, 'ಡಿಎಕ್ಸ್‌ಡಯಾಗ್' (ಕಂಪ್ಯೂಟರಿನ ವಿವರ ತೋರಿಸುವ ವಿಂಡೋಸ್ ಪ್ರೋಗ್ರಾಂ) ಉಳಿಸಿದ ಫೈಲು, ಆಕ್ಸಲರೇಶನ್ ಆನ್ ಮತ್ತು ಆಫ್ ಇದ್ದಾಗಿನ ಎರಡು ಸ್ಕ್ರೀನ್‌ಶಾಟ್, ಅದೇ ಭಾಗದ ಪಿಡಿಎಫ್, ಜೊತೆಗೆ ದೋಷ ಕಾಣುವ ಅತಿ ಚಿಕ್ಕ ಡ್ರಾಯಿಂಗ್. ಗಿರಾಕಿಯ ಇಡೀ ಪ್ರಾಜೆಕ್ಟ್ ಫೈಲ್ ಕಳಿಸಬೇಡಿ. ನಾಲ್ಕು ಗೋಡೆ ಉಳಿಯುವಂತೆ ಮಿಕ್ಕದ್ದನ್ನೆಲ್ಲ ಅಳಿಸಿ, ಪರ್ಜ್ ಮಾಡಿ (ಬಳಸದೆ ಉಳಿದದ್ದನ್ನು ತೆಗೆದುಹಾಕಿ), ದೋಷ ಇನ್ನೂ ಇದೆಯೇ ಎಂದು ನೋಡಿಕೊಂಡು ಕಳಿಸಿ. ಅಳಿಸುತ್ತಾ ಹೋದಾಗ ಯಾವುದೋ ಒಂದು ಬ್ಲಾಕ್ ಹೋದ ಕೂಡಲೇ ಎಲ್ಲ ಸರಿಯಾದರೆ, ದೂರು ಕಳಿಸುವ ಬದಲು ಆ ಬ್ಲಾಕನ್ನು ಹೊಸದಾಗಿ ಬರೆದುಕೊಳ್ಳಿ.